ರಕ್ತಪಿಶಾಚಿಗೆ ಮುಸ್ಸಂಜೆಯ ಬಣ್ಣ



ರಕ್ತ ಹೀರುವ ಪಿಶಾಚಿಯನ್ನು ಚಿತ್ರದಲ್ಲಿ ತೋರಿಸಬೇಕಾಗಿ ಬಂದರೆ ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯಿಂದ ಹಿಡಿದು ಬೆಂಗಳೂರಿನ ಜಾಹೀರಾತು ಕಂಪನಿಯವರೆಗೆ ಎಲ್ಲರೂ ಮಾಡುವುದು ಒಂದೇ ಕೆಲಸ. ಹಿಂದೆ ಕಪ್ಪು, ಮುಂದೆ ಕೆಂಪು, ನಡುವೆ ಎರಡು ಕೋರೆಹಲ್ಲು, ಅಕ್ಷರಗಳ ಬುಡದಿಂದ ತೊಟ್ಟಿಕ್ಕುವ ರಕ್ತ. ಜಾಗ ಉಳಿದರೆ ಮೂಲೆಯಲ್ಲೊಂದು ಬಾವಲಿ. ಪತ್ತೇದಾರಿ ಕಾದಂಬರಿಯ ಮುಖಪುಟವಾಗಲಿ, ಸಿನಿಮಾ ಪೋಸ್ಟರ್ ಆಗಲಿ, ಕಾಲೇಜು ನಾಟಕದ ಕರಪತ್ರವಾಗಲಿ, ಈ ಸರಕು ಬದಲಾಗುವುದಿಲ್ಲ. ಇದನ್ನು ನೋಡಿ ಯಾರೂ ಹೆದರುವುದಿಲ್ಲ. ಇದು ಭಯದ ಪುಸ್ತಕ ಎಂದು ತಿಳಿದುಕೊಳ್ಳುತ್ತಾರೆ, ಅಷ್ಟೆ. ಔಷಧದ ಬಾಟಲಿಯ ಮೇಲೆ ಅಂಟಿಸಿದ ಚೀಟಿಗಿಂತ ಹೆಚ್ಚಿನ ಕೆಲಸ ಈ ಚಿತ್ರ ಮಾಡುವುದಿಲ್ಲ. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು: ಈ ಜೀವಿಗೆ ಒಪ್ಪುವ ರೂಪಕ ರಾತ್ರಿಯಲ್ಲ, ಮುಸ್ಸಂಜೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯ ಕಣ್ಣುಗಳಿಗಾಗಿ ಚಿತ್ರ ಬರೆಯುವವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಆದರೆ ಮುಸ್ಸಂಜೆ ಎಂದ ಕೂಡಲೇ ಕಿತ್ತಳೆ ಬಣ್ಣದ ಆಕಾಶವನ್ನು ಬಳಿಯುವವರಿಗೆ ಆ ರೂಪಕ ದಕ್ಕುವುದಿಲ್ಲ.

ಮೊದಲು ಮೂಲದ ಕಡೆಗೆ ಹೋಗೋಣ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಬಂದದ್ದು 1897ರಲ್ಲಿ. ಆ ಕಾದಂಬರಿಯ ಪಿಶಾಚಿ ಹಗಲಲ್ಲೂ ಓಡಾಡುತ್ತಾನೆ, ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲು ಅವನ ಶಕ್ತಿ ಕುಂದಿರುತ್ತದೆ, ಅಷ್ಟೆ. ಅವನು ರೂಪ ಬದಲಿಸಬೇಕೆಂದರೆ ನಡುಹಗಲು, ಇಲ್ಲವೆ ಸರಿಯಾಗಿ ಸೂರ್ಯ ಹುಟ್ಟುವ ಅಥವಾ ಮುಳುಗುವ ಗಳಿಗೆಗೆ ಕಾಯಬೇಕು. ಮನೆಯವರಲ್ಲಿ ಒಬ್ಬರಾದರೂ ಕರೆಯದೆ ಅವನು ಮೊದಲ ಸಲ ಒಳಗೆ ಕಾಲಿಡುವಂತಿಲ್ಲ. ಕಥೆಯ ಕೊನೆಯ ಬೆನ್ನಟ್ಟುವಿಕೆಯೂ ಸೂರ್ಯ ಮುಳುಗುವುದರೊಳಗೆ ಅವನನ್ನು ಹಿಡಿಯಬೇಕೆಂಬ ಆತುರದ್ದೇ. ಬಿಸಿಲು ತಗುಲಿದರೆ ಪಿಶಾಚಿ ಕರಗಿಹೋಗುತ್ತದೆ ಎಂಬ ಈಗಿನ ಜನಪ್ರಿಯ ನಂಬಿಕೆ ಸ್ಟೋಕರ್‌ನದಲ್ಲ. ಅದು 1922ರಲ್ಲಿ ಬಂದ ಜರ್ಮನಿಯ ಮೂಕಿ ಚಿತ್ರ ‘ನೊಸ್ಫೆರಾಟು’ವಿನಿಂದ ಹಬ್ಬಿದ್ದು. ಆ ಚಿತ್ರದ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ತೆಗೆದು, ಫಿಲ್ಮಿಗೆ ನೀಲಿ ಬಣ್ಣ ಕೊಟ್ಟು ಇರುಳೆಂದು ತೋರಿಸಿದರು ಎಂಬುದು ವಿನ್ಯಾಸಕಾರರು ಗಮನಿಸಬೇಕಾದ ಸಂಗತಿ. ಅಂದರೆ ಮೂಲ ಕಾದಂಬರಿಯಲ್ಲಿ ಈ ಜೀವಿಯ ಬಲವೂ ದೌರ್ಬಲ್ಯವೂ ನಿಂತಿರುವುದು ಕತ್ತಲಿನ ಮೇಲಲ್ಲ, ಎರಡು ಗಡಿಗಳ ಮೇಲೆ: ಹಗಲು ಮತ್ತು ಇರುಳಿನ ಗಡಿ, ಹೊರಗು ಮತ್ತು ಒಳಗಿನ ಗಡಿ. ಸತ್ತೂ ಸಾಯದ, ಬದುಕಿಯೂ ಬದುಕದ ಜೀವಿಗೆ ಬೇರೆ ಎಲ್ಲಿ ತಾನೆ ನೆಲೆ?

ಇದು ಪರದೇಶದ ಮಾತು ಎಂದು ತಳ್ಳಿಹಾಕುವ ಮುನ್ನ ನಮ್ಮ ಪುರಾಣವನ್ನು ತೆರೆಯಬೇಕು. ಭಾಗವತದ ಮೂರನೆಯ ಸ್ಕಂಧದಲ್ಲಿ ದಿತಿ ಸಂಜೆಯ ಹೊತ್ತಿನಲ್ಲಿ ಕಶ್ಯಪನನ್ನು ಬಯಸಿ ಬರುತ್ತಾಳೆ. ಇದು ಭೂತಗಣಗಳೊಡನೆ ರುದ್ರ ಸಂಚರಿಸುವ ಹೊತ್ತು, ಸ್ವಲ್ಪ ತಾಳು ಎಂದು ಅವನು ತಡೆಯುತ್ತಾನೆ. ಅವಳು ತಾಳುವುದಿಲ್ಲ. ಆ ಹೊತ್ತಿನ ಫಲವಾಗಿ ಹುಟ್ಟಿದವರು ಹಿರಣ್ಯಾಕ್ಷ, ಹಿರಣ್ಯಕಶಿಪು. ಹಗಲಲ್ಲೂ ಇರುಳಲ್ಲೂ, ಒಳಗೂ ಹೊರಗೂ, ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲದ ವರ ಪಡೆದ ಹಿರಣ್ಯಕಶಿಪು ಕೊನೆಗೆ ಸತ್ತದ್ದು ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ, ಮನುಷ್ಯನೂ ಅಲ್ಲದ ಮೃಗವೂ ಅಲ್ಲದ ನರಸಿಂಹನ ಉಗುರಿನಿಂದ. ಕಾಲದ ಗಡಿ, ಜಾಗದ ಗಡಿ, ದೇಹದ ಗಡಿ ಮೂರೂ ಒಂದೇ ಬಿಂದುವಿನಲ್ಲಿ ಕೂಡಿದ ಇಷ್ಟು ಬಿಗಿಯಾದ ಚಿತ್ರ ಸ್ಟೋಕರ್‌ನಲ್ಲೂ ಸಿಗುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಈ ವಧೆಯ ಶಿಲ್ಪವಿದೆ. ಬಳಪದ ಕಲ್ಲಿನಲ್ಲಿ ಸಂಜೆಯ ಬಣ್ಣವನ್ನು ತೋರಿಸಲು ಶಿಲ್ಪಿಗೆ ದಾರಿಯಿಲ್ಲ. ಅವನು ನೆಚ್ಚಿಕೊಂಡದ್ದು ಭಂಗಿಯನ್ನು: ನೆಲವನ್ನೂ ಮುಟ್ಟದೆ ಆಕಾಶದಲ್ಲೂ ಇರದೆ ತೊಡೆಯ ಮೇಲೆ ಅಡ್ಡಬಿದ್ದ ಒಂದು ಮೈ. ಬಣ್ಣವಿಲ್ಲದೆಯೇ ಅವನು ನಡುವೆ ಎಂಬ ಸ್ಥಿತಿಯನ್ನು ಹೇಳಿದ್ದಾನೆ. ಇಲ್ಲಿ ಒಂದು ಇರಿಸುಮುರಿಸೂ ಇದೆ, ಮುಚ್ಚಿಡಬೇಕಾಗಿಲ್ಲ. ಆ ಸಂಜೆ ರಕ್ತ ಹರಿಸಿದವನು ರಾಕ್ಷಸನಲ್ಲ, ದೇವರು. ಗಡಿಯಲ್ಲಿ ಅಡಗಿದವನನ್ನು ಕೊಲ್ಲಲು ದೇವರೂ ಗಡಿಯವನೇ ಆಗಬೇಕಾಯಿತು. ತಿಪಟೂರಿನಿಂದ ದೂರವಲ್ಲದ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ದೇವಾಲಯದಲ್ಲೂ, ವಿಘ್ನಸಂತೆಯಲ್ಲಿ 1286ರಲ್ಲಿ ಕಟ್ಟಿದ ದೇವಾಲಯದಲ್ಲೂ ಅದೇ ನರಸಿಂಹ ಲಕ್ಷ್ಮಿಯೊಡನೆ ಶಾಂತನಾಗಿದ್ದಾನೆ.

ಪುರಾಣ ದೂರವಾಯಿತೆನ್ನುವವರಿಗೆ ಹತ್ತಿರದ ಸಾಕ್ಷಿಯೂ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಲೂ ಕರ್ನಾಟಕದ ಹಲವಾರು ಊರುಗಳಲ್ಲೂ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಎರಡು ಪದ ಕಾಣಿಸಿಕೊಂಡವು. ರಾತ್ರಿ ಒಂದು ಹೆಣ್ಣುದೆವ್ವ ಬಂದು ಗುರುತಿನವರ ದನಿಯಲ್ಲಿ ಕೂಗಿ ಬಾಗಿಲು ತೆಗೆಸುತ್ತದೆ, ತೆಗೆದವರು ಉಳಿಯುವುದಿಲ್ಲ ಎಂಬ ವದಂತಿ. ಅದಕ್ಕೆ ಉತ್ತರ ಈ ಬರಹ. ಓದಿದ ದೆವ್ವ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ವದಂತಿ ವದಂತಿಯೇ. ಆದರೆ ಗ್ರಾಫಿಕ್ ಕೆಲಸವಾಗಿ ನೋಡಿದರೆ ಕನ್ನಡದಲ್ಲಿ ಭೂತದ ಕುರಿತು ಇಷ್ಟು ಯಶಸ್ವಿಯಾದ ವಿನ್ಯಾಸ ಇನ್ನೊಂದಿಲ್ಲ. ಸೀಮೆಸುಣ್ಣವೋ ಇದ್ದಿಲೋ ಕೈಗೆ ಸಿಕ್ಕ ಬಣ್ಣವೋ ಸಾಕು. ಚಿತ್ರವಿಲ್ಲ, ಹಲ್ಲಿಲ್ಲ, ರಕ್ತವಿಲ್ಲ. ಬರೆದ ಜಾಗ ಮಾತ್ರ ತಪ್ಪುವಂತಿಲ್ಲ. ಅದೇ ಅಕ್ಷರಗಳನ್ನು ಹಿತ್ತಲ ಗೋಡೆಯ ಮೇಲೆ ಬರೆದರೆ ಅರ್ಥವೇ ಇಲ್ಲ. ಕರೆಯದೆ ಒಳಬರಲಾಗದ ಸ್ಟೋಕರ್‌ನ ಪಿಶಾಚಿಯೂ ಬಾಗಿಲಲ್ಲಿ ನಿಂತು ಕೂಗುವ ಈ ದೆವ್ವವೂ ಒಂದೇ ಕಡೆ ತಡೆಯಲ್ಪಡುತ್ತವೆ. ಅದನ್ನು ಬರೆದ ಸಾವಿರಾರು ಮಂದಿ ಯಾವ ವಿನ್ಯಾಸ ಶಾಲೆಗೂ ಹೋದವರಲ್ಲ. ಭಯ ಎಲ್ಲಿ ವಾಸಿಸುತ್ತದೆಂದು ಅವರಿಗೆ ಗೊತ್ತಿತ್ತು.

ಈಗ ಕೋರೆಹಲ್ಲಿನ ಮಾತು. ಯೂರೋಪಿನ ಕಣ್ಣಿಗೆ ಹೊರಚಾಚಿದ ಹಲ್ಲು, ಕೆಂಪು, ಕೆರಳಿದ ಕಣ್ಣು ದುಷ್ಟತನದ ಗುರುತುಗಳು. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ಇವು ಯಾರ ಗುರುತು? ಸೋಮನ ಕುಣಿತದಲ್ಲಿ ಹೊತ್ತು ಕುಣಿಯುವ ಕೆಂಪು ಮುಖವಾಡದ ಉಬ್ಬಿದ ಕಣ್ಣುಗಳನ್ನು ನೋಡಿದ ಮಗು ಮೊದಲು ಬೆಚ್ಚುತ್ತದೆ, ಆಮೇಲೆ ಕೈ ಮುಗಿಯುವುದನ್ನು ಕಲಿಯುತ್ತದೆ. ಆ ಮುಖ ಗ್ರಾಮದೇವತೆಯ ಪರಿವಾರದ್ದು, ಊರು ಕಾಯುವಂಥದ್ದು. ವೀರಭದ್ರನ ಕೋರೆದಾಡೆ, ಮಾರಮ್ಮನ ಚಾಚಿದ ನಾಲಿಗೆ ಎಲ್ಲವೂ ಹಾಗೆಯೇ. ಹೀಗಿರುವಾಗ ಕೋರೆಹಲ್ಲಿನ ಕೆಂಪು ಮುಖವನ್ನು ಪೋಸ್ಟರಿನಲ್ಲಿ ಹಾಕಿ ಇದು ರಕ್ತಪಿಶಾಚಿ ಎಂದರೆ ನೋಡುವವನ ಮನಸ್ಸಿನಲ್ಲಿ ಮೊದಲು ಏಳುವುದು ಜಾತ್ರೆ. ಭರತನ ನಾಟ್ಯಶಾಸ್ತ್ರವೂ ಇದನ್ನೇ ಎತ್ತಿಹಿಡಿಯುತ್ತದೆ. ರಸಗಳಿಗೆ ಬಣ್ಣ ಹೇಳುವಾಗ ಅದು ಕೆಂಪನ್ನು ಕೊಟ್ಟಿರುವುದು ರೌದ್ರಕ್ಕೆ, ಭಯಾನಕಕ್ಕಲ್ಲ. ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಕರುಣಕ್ಕೆ ಪಾರಿವಾಳದ ಬೂದು. ಕೋಪಗೊಂಡ ದೇವರು ಕೆಂಪು. ಅವನನ್ನು ಕಂಡು ನಮಗಾಗುವುದು ಬೇರೆಯದೇ ಭಾವ. ಬಾವಲಿಯ ಕಥೆಯೂ ಅಷ್ಟೆ. ರಕ್ತ ಹೀರುವ ಬಾವಲಿಗಳು ಇರುವುದು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ನಾಡುಗಳಲ್ಲಿ ಮಾತ್ರ, ಒಟ್ಟು ಮೂರು ಜಾತಿ. ನಮ್ಮ ದೊಡ್ಡ ತೊಗಲುಬಾವಲಿ ಹಣ್ಣು ತಿನ್ನುವ ಪ್ರಾಣಿ. ಮರದಲ್ಲಿ ತಲೆಕೆಳಗಾಗಿ ನೇತಾಡುವ ಅದನ್ನು ದಿನವೂ ನೋಡುವವನಿಗೆ ಅದರ ಚಿತ್ರ ಕಂಡರೆ ಸೀಬೆಹಣ್ಣಿನ ಚಿಂತೆಯಾದೀತು, ಕುತ್ತಿಗೆಯ ಚಿಂತೆಯಲ್ಲ.

ಹಾಗಾದರೆ ಭರತನ ಬಣ್ಣಗಳನ್ನು ಇನ್ನೊಂದು ರೀತಿಯಲ್ಲಿ ಓದಬಹುದು. ಮುಸ್ಸಂಜೆಯ ಪಶ್ಚಿಮವನ್ನು ನೋಡುತ್ತಾ ನಿಂತರೆ ಬಣ್ಣ ಬರುವ ಕ್ರಮ ಹೆಚ್ಚುಕಡಿಮೆ ಇದು: ಕೆಂಪು, ಬೂದು, ನೀಲಿ, ಕಪ್ಪು. ರಸದ ಮಾತಿನಲ್ಲಿ ಹೇಳಿದರೆ ರೌದ್ರ, ಕರುಣ, ಬೀಭತ್ಸ, ಭಯಾನಕ. ಭರತ ಸಂಜೆಯನ್ನು ನೋಡಿ ಈ ಪಟ್ಟಿ ಮಾಡಿದ ಎಂದು ನಾನು ಹೇಳುತ್ತಿಲ್ಲ. ಅವನ ಸಾಲಿನ ಕ್ರಮವೂ ಇದಲ್ಲ. ಆದರೆ ರಕ್ತಪಿಶಾಚಿಯ ಕಥೆಗೆ ಬೇಕಾದ ನಾಲ್ಕೂ ಭಾವಗಳನ್ನು ಒಂದೇ ಹಿನ್ನೆಲೆಯಲ್ಲಿ ಹಿಡಿಯಬಲ್ಲ ಹೊತ್ತು ದಿನದಲ್ಲಿ ಇದು ಬಿಟ್ಟರೆ ಮುಂಜಾವು ಮಾತ್ರ. ಬೂದಿನ ಪಾಲನ್ನು ಮರೆಯಬಾರದು. ಇವನೂ ಒಂದು ಕಾಲಕ್ಕೆ ಮನುಷ್ಯನಾಗಿದ್ದವನು ಎಂಬ ಮರುಕವಿಲ್ಲದೆ ಈ ಕಥೆ ಬೆಳೆಯುವುದಿಲ್ಲ, ಕಪ್ಪು–ಕೆಂಪಿನ ಪೋಸ್ಟರಿನಲ್ಲಿ ಆ ಮರುಕಕ್ಕೆ ಜಾಗವೇ ಇಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಧ್ವನಿತತ್ತ್ವವನ್ನು ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದ್ದಾರೆ. ಹೇಳಿದ್ದಕ್ಕಿಂತ ಹೊಳೆಯಿಸಿದ್ದು ಹೆಚ್ಚು ಎಂಬ ಆ ತತ್ತ್ವವನ್ನು ಮುಖಪುಟಕ್ಕೂ ಅನ್ವಯಿಸಬಹುದು. ಕೋರೆಹಲ್ಲು ವಾಚ್ಯ, ಮುಸ್ಸಂಜೆ ಧ್ವನಿ.

ಇನ್ನು ಈ ಸೀಮೆಯ ಮುಸ್ಸಂಜೆ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ರೂಪಕ ಗೆಲ್ಲುವುದೂ ಸೋಲುವುದೂ ಅಲ್ಲಿ. ತಿಪಟೂರು ಉತ್ತರ ಅಕ್ಷಾಂಶದ ಸುಮಾರು 13 ಡಿಗ್ರಿಯಲ್ಲಿದೆ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಮೇಲೆ ಬರಿಗಣ್ಣಿಗೆ ವಸ್ತುಗಳು ಗುರುತು ಸಿಗುವಷ್ಟು ಬೆಳಕು ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಡ್ರಾಕುಲಾನ ಹಡಗು ಬಂದು ಬಡಿಯುವ ಇಂಗ್ಲೆಂಡಿನ ವಿಟ್ಬಿಯಲ್ಲಿ ಜೂನ್ ತಿಂಗಳಲ್ಲಿ ಇದೇ ಹೊತ್ತು ಐವತ್ತು ನಿಮಿಷ ದಾಟುತ್ತದೆ. ಹೊರದೇಶದ ಪುಸ್ತಕಗಳ ಮುಖಪುಟದಲ್ಲಿ ಕಾಣುವ, ಅಂಚಿನಿಂದ ಅಂಚಿಗೆ ನಿಧಾನವಾಗಿ ಕರಗುವ ಬಣ್ಣ ಆ ಆಕಾಶದ್ದು. ಅದನ್ನು ತಂದು ಇಲ್ಲಿ ಅಂಟಿಸಿದರೆ ಸುಂದರವಾಗಿರಬಹುದು, ಆದರೆ ಇಲ್ಲಿಯ ಕಣ್ಣು ಅದನ್ನು ನಂಬುವುದಿಲ್ಲ. ನಮ್ಮ ಸಂಜೆ ಸರಕ್ಕನೆ ಮುಗಿಯುವ ಸಂಜೆ; ಬಣ್ಣದ ಇಳಿಜಾರು ಕಡಿದಾಗಿರಬೇಕು. ದೀಪ ಹಚ್ಚುವುದು ತಡವಾದರೆ ಏನೋ ಆಗಿಬಿಡುತ್ತದೆ ಎಂಬ ಹಿರಿಯರ ಅವಸರಕ್ಕೆ ಈ ಕಡಿದಾದ ಇಳಿತವೂ ಒಂದು ಕಾರಣವಿದ್ದೀತು.

ತೋಟದೊಳಗೆ ಇನ್ನೊಂದು ಸಂಗತಿ ನಡೆಯುತ್ತದೆ. ಬಯಲಿನಲ್ಲಿ ಕತ್ತಲು ಇಳಿಯುತ್ತದೆ ಎನ್ನುತ್ತೇವೆ. ಸಾಲುಹಿಡಿದು ನೆಟ್ಟ ತೆಂಗಿನ ತೋಟದಲ್ಲಿ ಕತ್ತಲು ಏಳುತ್ತದೆ. ಸೂರ್ಯ ಇಳಿಯುತ್ತಿರುವಾಗ ಬೆಳಕು ಕಾಂಡಗಳ ನಡುವೆ ಅಡ್ಡಲಾಗಿ ಬಂದು ಒಂದು ಪಟ್ಟೆ ಬಿಸಿಲು, ಒಂದು ಪಟ್ಟೆ ನೆರಳು ಹಾಸುತ್ತದೆ. ಆಮೇಲೆ ಮೊದಲು ಮಬ್ಬಾಗುವುದು ಪಾತಿ, ಉದುರಿದ ಹೆಡೆಮಟ್ಟೆ, ಬುಡ, ಆಮೇಲೆ ಕಾಂಡ, ಕೊನೆಯಲ್ಲಿ ಗರಿ. ಕೆಳಗೆ ಮನುಷ್ಯನ ಮುಖ ಗುರುತು ಸಿಗದಿದ್ದಾಗಲೂ ಮೇಲೆ ಗರಿಯ ಒಂದೊಂದು ಎಳೆಯನ್ನೂ ಎಣಿಸಬಹುದು. ಸಾಮಾನ್ಯ ವಿನ್ಯಾಸದಲ್ಲಿ ಕಪ್ಪನ್ನು ಮೇಲಿಟ್ಟು ಬೆಳಕನ್ನು ಕೆಳಗಿಡುತ್ತಾರೆ. ತೋಟದ ಸತ್ಯ ಅದರ ತಿರುಗುಮುರುಗು. ಮಣ್ಣಿನಿಂದ ಎದ್ದುಬರುವ ಜೀವಿಯ ಕಥೆಗೆ ಮಣ್ಣಿನಿಂದ ಏಳುವ ಕತ್ತಲಿಗಿಂತ ಸರಿಯಾದ ಹಿನ್ನೆಲೆ ಯಾವುದಿದೆ? ಹೀಗೆ ಮಾಡಿದರೆ ತೆಂಗಿನ ಮರದ ನೆರಳುಚಿತ್ರ ಗೋವಾದ ಪ್ರವಾಸಿ ಕ್ಯಾಲೆಂಡರಿನಂತೆ ಕಾಣುವ ಅಪಾಯವೂ ತಪ್ಪುತ್ತದೆ. ಕ್ಯಾಲೆಂಡರಿನ ತೆಂಗು ಕಡಲತೀರದಲ್ಲಿ ಒಂಟಿಯಾಗಿ ಬಾಗಿ ನಿಂತದ್ದು. ಇಲ್ಲಿಯದು ಸಾಲಿನಲ್ಲಿ ನೆಟ್ಟಗೆ ನಿಂತದ್ದು, ಅದರ ನಡುವಿನ ಓಣಿಯಲ್ಲಿ ಯಾರಾದರೂ ಇದ್ದಿರಬಹುದು.

ಕೆಂಪಿನ ವಿಷಯದಲ್ಲಿ ವಿಜ್ಞಾನವೇ ತೀರ್ಪು ಕೊಟ್ಟಿದೆ. 19ನೇ ಶತಮಾನದ ಆರಂಭದಲ್ಲಿ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಗಮನಿಸಿದ್ದು ಇದು: ಬೆಳಕು ಕುಂದುತ್ತಾ ಹೋದಂತೆ ಕೆಂಪು ಬೇಗನೆ ಕಪ್ಪಾಗುತ್ತದೆ, ಹಸಿರು ಮತ್ತು ನೀಲಿ ಅದಕ್ಕಿಂತ ಹೊತ್ತು ಉಳಿಯುತ್ತವೆ. ಹಗಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳು ಸುಮಾರು 555 ನ್ಯಾನೊಮೀಟರ್ ಬೆಳಕಿಗೆ ಹೆಚ್ಚು ಸ್ಪಂದಿಸಿದರೆ, ಮಬ್ಬಿನಲ್ಲಿ ಕೆಲಸ ಮಾಡುವವು ಸುಮಾರು 507ಕ್ಕೆ. ಅವಕ್ಕೆ ಕೆಂಪು ಕಾಣುವುದೇ ಇಲ್ಲವೆನ್ನಬಹುದು. ಅಂದರೆ ನಿಜವಾದ ಮುಸ್ಸಂಜೆಯಲ್ಲಿ ರಕ್ತ ಕೆಂಪಲ್ಲ, ಕಪ್ಪು ಕಲೆ. ಈ ಕಲೆಯನ್ನು ತೆಂಗು ಬೆಳೆಯುವವರಿಗೆ ಪರಿಚಯಿಸಬೇಕಾಗಿಲ್ಲ. ಕಾಂಡ ಸೋರುವ ರೋಗ ಬಂದ ಮರದ ಸೀಳುಗಳಿಂದ ಕೆಂಗಂದು ರಸ ಇಳಿದು ಒಣಗಿ ಕಪ್ಪಾಗುವುದನ್ನು ಅವರು ಕಂಡಿದ್ದಾರೆ. ಎದೆ ಝಲ್ಲೆನ್ನುವುದಕ್ಕೆ ಅವರಿಗೆ ಅಷ್ಟು ಕಲೆ ಸಾಕು. ಹಾಗಾದರೆ ಪೋಸ್ಟರಿನಲ್ಲಿ ಕೆಂಪು ಬೇಡವೇ? ಬೇಕು, ದೀಪ ಇರುವಲ್ಲಿ ಮಾತ್ರ. ಬಾಗಿಲ ಬಳಿಯ ದೀಪದ ಬೆಳಕು ಬಿದ್ದಷ್ಟು ಜಾಗದಲ್ಲಿ ಬಣ್ಣಗಳು ಬದುಕಿರುತ್ತವೆ, ಅದರಾಚೆಗೆ ಸಾಯುತ್ತವೆ. ಒಂದು ತುಂಡು ಬೆಚ್ಚನೆಯ ಕೆಂಪು, ಸುತ್ತಲೂ ನೀಲಿಬೂದು: ಗಡಿ ಎಲ್ಲಿದೆ ಎಂಬುದನ್ನು ಗೆರೆ ಎಳೆಯದೆ ಹೇಳಿದಂತಾಯಿತು.

ಅಚ್ಚಿನ ಕಷ್ಟವನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಕಂಪ್ಯೂಟರ್ ಪರದೆಯಲ್ಲಿ ಹೊಳೆಯುವ ನೀಲಿನೇರಳೆ ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತದೆ, ಫ್ಲೆಕ್ಸಿನಲ್ಲಿ ಕಡಿದಾದ ಇಳಿಜಾರು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ನೀಲಿಯಲ್ಲಿ ಮಜೆಂಟಾ ತಗ್ಗಿಸಿ, ಇಳಿಜಾರಿಗೆ ಸ್ವಲ್ಪ ಕಾಳುಕಾಳಾದ ಮಬ್ಬು ಸೇರಿಸಿದರೆ ಎರಡೂ ಬಹುಮಟ್ಟಿಗೆ ಸರಿಹೋಗುತ್ತವೆ.

ಆಕ್ಷೇಪಗಳಲ್ಲಿ ಮೊದಲನೆಯದು ಗಟ್ಟಿಯಾದದ್ದು. ಮುಸ್ಸಂಜೆ ನಮ್ಮಲ್ಲಿ ಮಂಗಳದ ಹೊತ್ತಲ್ಲವೇ? ಗೋಧೂಳಿ ಲಗ್ನವಿದೆ, ಸಂಧ್ಯಾವಂದನೆಯಿದೆ, ಲಕ್ಷ್ಮಿ ಮನೆಗೆ ಬರುವ ಹೊತ್ತೆಂದು ಮುಂಬಾಗಿಲು ತೆರೆದಿಡುತ್ತೇವೆ. ಅದನ್ನು ಪಿಶಾಚಿಗೆ ಕೊಡುವುದು ನ್ಯಾಯವೇ? ನನ್ನ ಉತ್ತರ: ಅದೇ ಹೊತ್ತಿಗೆ ಎಷ್ಟು ನಿಷೇಧಗಳಿವೆ ಎಂಬುದನ್ನೂ ನೋಡಿ. ಮಲಗಬಾರದು, ಊಟ ಮಾಡಬಾರದು, ಕಸ ಹೊರಹಾಕಬಾರದು, ಉಪ್ಪು ಮೊಸರು ಕೈಬಿಟ್ಟು ಕೊಡಬಾರದು. ಬರೀ ಶುಭದ ಹೊತ್ತಿಗೆ ಇಷ್ಟು ಕಾವಲು ಬೇಕಾಗಿರಲಿಲ್ಲ. ಲಕ್ಷ್ಮಿಗೆ ತೆರೆದ ಬಾಗಿಲಲ್ಲಿ ಬೇರೆಯವರೂ ನುಗ್ಗಬಹುದೆಂಬ ಎಚ್ಚರವೇ ಈ ಕಟ್ಟಳೆಗಳ ತಿರುಳು. ಮಂಗಳ ಮತ್ತು ಭಯ ಒಂದೇ ಬಾಗಿಲಲ್ಲಿ ನಿಂತಿವೆ. ಅದರಿಂದಲೇ ಈ ರೂಪಕಕ್ಕೆ ಕಸುವು. ಬರೀ ಅಶುಭವಾದ ಸ್ಮಶಾನ, ಅಮಾವಾಸ್ಯೆಗಳಿಗೆ ಆ ಕಸುವಿಲ್ಲ.

ಎರಡನೆಯದು ವ್ಯಾಪಾರದವರ ಆಕ್ಷೇಪ. ತುಮಕೂರು–ಹೊನ್ನಾವರ ಹೆದ್ದಾರಿಯಲ್ಲಿ ಓಡುವ ಬಸ್ಸಿನಿಂದ ಪೋಸ್ಟರನ್ನು ನೋಡುವವನಿಗೆ ಎರಡು ಕ್ಷಣವೂ ಸಿಗುವುದಿಲ್ಲ, ಇಂಥ ನಯವೆಲ್ಲ ಅವನಿಗೆ ಹೇಗೆ ತಲುಪೀತು? ದೂರದಿಂದ ಮೊದಲು ಓದಿಸಿಕೊಳ್ಳುವುದು ಬಣ್ಣಕ್ಕಿಂತ ಹೆಚ್ಚಾಗಿ ಬೆಳಕು–ಕತ್ತಲೆಯ ಅಂತರ. ಕಪ್ಪಿನ ಮೇಲಿನ ಗಾಢ ಕೆಂಪಿಗೆ ಆ ಅಂತರ ಕಡಿಮೆ. ಮಬ್ಬು ಬೆಳಕಿನಲ್ಲಂತೂ ಆ ಅಕ್ಷರ ಹಿನ್ನೆಲೆಯಲ್ಲಿ ಮುಳುಗಿಹೋಗುತ್ತದೆ. ಸಂಜೆಯ ತಿಳಿ ಆಕಾಶಕ್ಕೆ ಎದುರಾದ ಗರಿಯ ಅಂಚಿನಷ್ಟು ಸ್ಪಷ್ಟವಾದ ಆಕಾರ ಇನ್ನೊಂದಿಲ್ಲ. ವ್ಯಾಪಾರದ ಲೆಕ್ಕದಲ್ಲೂ ಮುಸ್ಸಂಜೆ ನಷ್ಟದ ಬಾಬಲ್ಲ.

ಮೂರನೆಯ ಆಕ್ಷೇಪ ಬಲ್ಲವರದು. ಮುಸ್ಸಂಜೆ ಎಂಬ ಹೆಸರನ್ನೇ ಇಟ್ಟುಕೊಂಡು 2005ರಲ್ಲಿ ಬಂದು ಜಗತ್ತಿನಾದ್ಯಂತ ಮಾರಾಟವಾದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿಯ ಮುಖಪುಟದಲ್ಲಿ ಸಂಜೆಯೇ ಇಲ್ಲ. ಕಪ್ಪು ಹಿನ್ನೆಲೆ, ಬಿಳಿಚಿದ ಎರಡು ಕೈ, ಬೊಗಸೆಯಲ್ಲಿ ಒಂದು ಕೆಂಪು ಸೇಬು. ನಿಮ್ಮ ವಾದ ಅಲ್ಲೇ ಬಿದ್ದುಹೋಯಿತಲ್ಲ ಎನ್ನಬಹುದು. ಆ ಕೈಗಳನ್ನು ಸರಿಯಾಗಿ ನೋಡಿದರೆ ಹಾಗನ್ನಿಸುವುದಿಲ್ಲ. ಅವು ಕೊಡುತ್ತಿವೆಯೋ ಕಾಪಾಡಿಕೊಳ್ಳುತ್ತಿವೆಯೋ ಹೇಳಲಾಗದು. ಹಳೇಬೀಡಿನ ಶಿಲ್ಪಿ ತೊಡೆಯಿಂದ ಮಾಡಿಸಿದ ಕೆಲಸವನ್ನು ಇಲ್ಲಿ ಬೊಗಸೆ ಮಾಡಿದೆ. ರೂಪಕದ ಜೀವ ನಡುವೆ ಎಂಬ ಸ್ಥಿತಿಯಲ್ಲಿದೆ, ಆಕಾಶದ ಚಿತ್ರದಲ್ಲಲ್ಲ. ಆದರೆ ಕಪ್ಪು–ಕೆಂಪು ಅಲ್ಲಿ ಗೆದ್ದದ್ದು ಸೇಬಿಗೆ ಆ ಓದುಗರು ಬಲ್ಲ ಬೈಬಲಿನ ನಿಷಿದ್ಧ ಹಣ್ಣಿನ ಕಥೆಯ ಬೆಂಬಲವಿದ್ದುದರಿಂದ. ಅದೇ ಮುಖಪುಟವನ್ನು ನಕಲು ಮಾಡಿ ಸೇಬಿನ ಜಾಗದಲ್ಲಿ ತೆಂಗಿನಕಾಯಿ ಇಟ್ಟರೆ ಪೂಜೆಗೆ ಹೊರಟ ಕೈಗಳಾಗುತ್ತವೆ.

ಪರದೇಶದ ಪಿಶಾಚಿ ನಮಗೇಕೆ ಎಂಬ ಕೊನೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದ ‘ತುಳಸಿದಳ’ 1985ರಲ್ಲಿ ಕನ್ನಡ ಸಿನಿಮಾ ಆಯಿತು, ಮಲಯಾಳಂ ಸಿನಿಮಾದ ದೆವ್ವ ನಾಗವಲ್ಲಿ 2004ರಲ್ಲಿ ‘ಆಪ್ತಮಿತ್ರ’ದೊಡನೆ ಬಂದು ಮನೆಮಾತಾದಳು. ದೆವ್ವಗಳಿಗೆ ಭಾಷೆಯ ಗಡಿ ಎಂದೂ ತಡೆಯಾಗಿಲ್ಲ. ಬಂದವರಿಗೆ ಇಲ್ಲಿಯ ಬೆಳಕು ಕೊಡುವ ಹೊಣೆ ಇಲ್ಲಿಯ ವಿನ್ಯಾಸಕಾರರದು.

ತಿಪಟೂರು, ತುರುವೇಕೆರೆಗಳಲ್ಲಿ ನಾಟಕದ ಕರಪತ್ರ, ಜಾತ್ರೆಯ ಫ್ಲೆಕ್ಸು, ಕೊಬ್ಬರಿ ಚೀಲದ ಮುದ್ರೆ ಮಾಡುತ್ತಾ ಕೆಲಸ ಕಲಿಯುತ್ತಿರುವ ಯುವಕ ಯುವತಿಯರಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಭಯದ ಕಥೆಗೆ ಮುಖಪುಟ ಬರೆಯುವ ಮುನ್ನ ಇಂಟರ್‌ನೆಟ್ಟಿನಲ್ಲಿ ಚಿತ್ರ ಹುಡುಕಬೇಡಿ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಯಾವುದಾದರೂ ತೋಟದಲ್ಲಿ ನಿಂತು, ಯಾವ ಬಣ್ಣ ಯಾವಾಗ ಹೋಯಿತು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಕೆಂಪನ್ನು ಎಷ್ಟು ಬಳಸಬೇಕೆಂದು ನೀವೇ ತೀರ್ಮಾನಿಸಿ.